ಐದು ಕೆಜಿ ಫೈಬರ್ ಕಿಟ್: ಹಳೇ ಮೋಟಾರು ಬೋಟಿಗೆ ಎಲ್ಲಿ ಸಾಕು, ಎಲ್ಲಿ ಸಾಲದು

ತುಮಕೂರಿನ ಅಂಗಡಿಗಳಲ್ಲಿ ಫೈಬರ್ ಸಾಮಾನು ಇರುವುದು ಬಾಗಿಲು, ನೀರಿನ ತೊಟ್ಟಿ, ಲಾರಿ ಬಂಪರ್ ಕೆಲಸದವರಿಗೆ. ದೋಣಿ ಅಂತ ಕೇಳಿದರೆ ಅಂಗಡಿಯವರು ಒಂದು ಸಲ ಮುಖ ನೋಡಿ, ಅದೇ ಕಿಟ್ ಎತ್ತಿ ಕೊಡುತ್ತಾರೆ. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದ 14 ಅಡಿಯ ಮೋಟಾರು ಬೋಟನ್ನು ಮನೆಯಂಗಳದಲ್ಲೇ ಸರಿಮಾಡುವವರಿಗೆ ಈ ಕಿಟ್ ಆಗುತ್ತದೆಯೇ? ಅಂಚು, ಒಳನೆಲ, ನೀರಿನ ಗೆರೆಯ ಮೇಲಿನ ಬಿರುಕಿಗೆ ಧಾರಾಳವಾಗಿ ಆಗುತ್ತದೆ. ತಳದ ತೂತಿಗೆ, ಎಂಜಿನ್ ಕೂರುವ ಹಿಂಬದಿ ಹಲಗೆಗೆ ಆಗುವುದಿಲ್ಲ.

ಡಬ್ಬದಲ್ಲಿರುವುದು ಇಷ್ಟು: 5 ಕೆಜಿ ಜಿಪಿ (ಜನರಲ್ ಪರ್ಪಸ್, ಅಂದರೆ ಸಾಮಾನ್ಯ ಬಳಕೆಯ) ಪಾಲಿಯೆಸ್ಟರ್ ರೆಸಿನ್, ಅದನ್ನು ಗಟ್ಟಿ ಮಾಡುವ 100 ಮಿ.ಲೀ. ಹಾರ್ಡ್ನರ್, ಆ ಕೆಲಸವನ್ನು ಚುರುಕಾಗಿಸುವ 100 ಮಿ.ಲೀ. ಕೋಬಾಲ್ಟ್, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ (ಗಾಜಿನ ಎಳೆಗಳ ಹಾಸು) ಒಟ್ಟು 2 ಕೆಜಿ, ಎರಡಿಂಚಿನ ಬ್ರಶ್, ಮುಟ್ಟಿದರೆ ಹರಿಯುವ ಒಂದು ಜೊತೆ ಕೈಗವಸು. ಅಳತೆಯಲ್ಲಿ ಮೋಸವಿಲ್ಲ. ಮ್ಯಾಟ್ ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. 450ರ ಮ್ಯಾಟ್ 2 ಕೆಜಿ ಅಂದರೆ ಸುಮಾರು 4.4 ಚದರ ಮೀಟರ್. ಅಷ್ಟನ್ನು ಒಂದು ಪದರ ನೆನೆಸಲು 5 ಕೆಜಿ ರೆಸಿನ್ ಸರಿಹೋಗುತ್ತದೆ. ಒಂದು ಪದರ ಒಣಗಿದ ಮೇಲೆ ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಬರುತ್ತದೆ. ಮ್ಯಾಟ್ ಗುಣಮಟ್ಟವೂ ಚೆನ್ನಾಗಿದೆ: ರೆಸಿನ್ ತಾಗಿದ ಎರಡು ನಿಮಿಷಕ್ಕೆ ಬಿಳುಪು ಹೋಗಿ ಮೆತ್ತಗಾಗುತ್ತದೆ, ಮೂಲೆಗೆ ಕೂರುತ್ತದೆ.

ತಕರಾರು ಇರುವುದು ಆ ಎರಡು ಪುಟ್ಟ ಬಾಟಲಿಗಳ ಬಗ್ಗೆ. ಎರಡೂ ಒಂದೇ ಆಕಾರ, ಎರಡಕ್ಕೂ ಕೆಂಪು ಮುಚ್ಚಳ, ಮೇಲೆ ‘ಎ’, ‘ಬಿ’ ಎಂದಷ್ಟೇ ಬರೆದಿದೆ. ನೇರಳೆ ಬಣ್ಣದ್ದು ಕೋಬಾಲ್ಟ್, ನೀರಿನಂತೆ ತಿಳಿಯಾಗಿರುವುದು ಹಾರ್ಡ್ನರ್, ಅಂದರೆ ಎಂಇಕೆಪಿ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಹಾರ್ಡ್ನರ್. ಎರಡಕ್ಕೂ ಒಂದೇ ಕಡ್ಡಿ, ಒಂದೇ ಸಿರಿಂಜ್ ಬಳಸಬಾರದು. ಇಷ್ಟು ಮುಖ್ಯವಾದ ಮಾತು ಕಿಟ್ಟಿನ ಚೀಟಿಯಲ್ಲಿ ಕೊನೇ ಸಾಲಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿದೆ. ಮೇಲೆ ದಪ್ಪಕ್ಷರದಲ್ಲಿ ಇರುವುದು ‘ಎರಡೆರಡು ಮುಚ್ಚಳ ಹಾಕಿ’ ಎಂಬ ಸೂಚನೆ. ಎಷ್ಟು ರೆಸಿನ್‌ಗೆ ಎರಡು ಮುಚ್ಚಳ? ಅದನ್ನು ಹೇಳಿಲ್ಲ.

ಸರಿಯಾದ ಲೆಕ್ಕ ಹೀಗೆ. ಹಾರ್ಡ್ನರ್ ರೆಸಿನ್ ತೂಕದ ಶೇ. 1ರಿಂದ 2. ಮಾರ್ಚ್–ಏಪ್ರಿಲ್ ಬಿಸಿಲಿಗೆ 1 ಸಾಕು, ಡಿಸೆಂಬರ್ ಬೆಳಗಿನ ಚಳಿಗೆ 2ರ ಹತ್ತಿರ. ಒಂದಕ್ಕಿಂತ ಕಡಿಮೆ ಹಾಕಿದರೆ ರೆಸಿನ್ ಒಳಗೆ ಕೊನೆಗೂ ಗಟ್ಟಿಯಾಗುವುದಿಲ್ಲ. ಎರಡು ದಾಟಿದರೆ ಕುದ್ದು ಬಿರಿಯಬಹುದು. ಮೆಡಿಕಲ್ ಸ್ಟೋರಿನ 5 ಮಿ.ಲೀ. ಸಿರಿಂಜ್ ಎರಡು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಇದ್ದರೆ ಸಾಕು, ಮುಚ್ಚಳದ ಲೆಕ್ಕ ಬೇಕಿಲ್ಲ. ಕೋಬಾಲ್ಟಿನ ಪ್ರಮಾಣ ಅದರ ಸಾಂದ್ರತೆಯ ಮೇಲೆ ನಿಂತಿದೆ, ಈ ಬಾಟಲಿಯಲ್ಲಿ ಅದನ್ನೂ ನಮೂದಿಸಿಲ್ಲ. ಹಾಗಾಗಿ 100 ಗ್ರಾಂ ಕಲಸಿ ಒಂದು ಪ್ಲೈವುಡ್ ಚೂರಿನ ಮೇಲೆ ಪರೀಕ್ಷೆ ಮಾಡದೆ ದೋಣಿಯ ಹತ್ತಿರ ಹೋಗಬೇಡಿ. 15ರಿಂದ 20 ನಿಮಿಷಕ್ಕೆ ಜೆಲ್ಲಿಯಾದರೆ ಹದ ಸರಿ. ತಾಪ 10 ಡಿಗ್ರಿ ಏರಿದರೆ ಈ ಸಮಯ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ. ಬೆಳಗ್ಗೆ ಏಳು ಗಂಟೆಗೆ ಸರಿಯಾಗಿದ್ದ ಅಳತೆ ಮಧ್ಯಾಹ್ನ ಡಬ್ಬಿಯಲ್ಲೇ ಹೊಗೆಯಾಡುವುದು ಇದಕ್ಕೇ. ಹಾಗೆ ಬಿಸಿಯೇರಿದ ರೆಸಿನನ್ನು ಡಬ್ಬಿಯಲ್ಲೇ ಬಿಡದೆ ಹಳೇ ತಗಡಿನ ಮೇಲೆ ತೆಳ್ಳಗೆ ಸುರಿದುಬಿಡಿ.

ಡಬ್ಬಿಯ ಮೇಲೆ ತಯಾರಿಕೆಯ ತಿಂಗಳಿಲ್ಲ. ಪಾಲಿಯೆಸ್ಟರ್ ರೆಸಿನ್ ತಂಪಾದ ಜಾಗದಲ್ಲೂ ಕೆಲವೇ ತಿಂಗಳ ಸರಕು. ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದದ್ದಾದರೆ ಹಾರ್ಡ್ನರ್ ಹಾಕುವ ಮೊದಲೇ ಎಳೆಎಳೆಯಾಗಿರುತ್ತದೆ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಕಡ್ಡಿ ಅದ್ದಿ ನೋಡಿ. ಹರಳೆಣ್ಣೆಗಿಂತ ತೆಳುವಾಗಿ ಸರಾಗ ಸುರಿಯಬೇಕು. ಜೋನಿಬೆಲ್ಲದ ಹಾಗೆ ಜೋತರೆ ವಾಪಸ್ ಕೊಡಿ.

ಈಗ ದೋಣಿಗೆ ಬರೋಣ. ಹಳೇ ಫೈಬರಿನ ಮೇಲೆ ಹೊಸ ಪಾಲಿಯೆಸ್ಟರ್ ಹಚ್ಚುವುದೆಂದರೆ ಕೇವಲ ಅಂಟಿನ ನಂಬಿಕೆ, ಎರಡೂ ಬೆಸೆದುಕೊಳ್ಳುವುದಿಲ್ಲ. ಹಾಗಾಗಿ ಕೆಲಸದ ಮುಕ್ಕಾಲು ಪಾಲು ಗ್ರೈಂಡರಿನದ್ದು. ಮೊದಲು ಅಸಿಟೋನ್‌ನಿಂದ ಮೇಣ, ಗ್ರೀಸ್ ಒರೆಸಿ, ಆಮೇಲೆ 40ರ ಒರಟು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ. ಈ ಕ್ರಮ ತಿರುಗುಮುರುಗಾದರೆ ಪೇಪರ್ ಮೇಣವನ್ನು ಗೀರುಗಳೊಳಗೇ ತುಂಬಿಬಿಡುತ್ತದೆ. ತೂತಿನ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಬೇಕು. 5 ಮಿ.ಮೀ. ದಪ್ಪದ ಗೋಡೆಯಲ್ಲಿ 10 ಸೆಂ.ಮೀ. ತೂತಿದ್ದರೆ ಸುತ್ತ 6 ಸೆಂ.ಮೀ. ಇಳಿಜಾರು, ಒಟ್ಟು 22 ಸೆಂ.ಮೀ. ವೃತ್ತ. ಒಳಗಿನಿಂದ ಕಂದು ಪ್ಯಾಕಿಂಗ್ ಟೇಪ್ ಸುತ್ತಿದ ರಟ್ಟನ್ನು ಒತ್ತಿ ನಿಲ್ಲಿಸಿ. ಟೇಪಿಗೆ ರೆಸಿನ್ ಹಿಡಿಯುವುದಿಲ್ಲ. ಮ್ಯಾಟನ್ನು ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ: ಎಳೆ ಬಿಟ್ಟ ಅಂಚು ಗೆರೆ ಕಾಣದಂತೆ ಕೂರುತ್ತದೆ. ದೊಡ್ಡ ತುಂಡು ಮೊದಲು, ಮೇಲೆ ಒಂದೊಂದೇ ಚಿಕ್ಕದು, ಐದು ಪದರ. ಇಷ್ಟಕ್ಕೆಲ್ಲ ಪೋಲು ಸೇರಿ 200 ಗ್ರಾಂ ರೆಸಿನ್ ಸಾಕು. ಒಂದು ಕೆಜಿ ಕಲಸಿಕೊಂಡು ಕೂತವರು 800 ಗ್ರಾಂ ಕಲ್ಲು ಮಾಡಿಕೊಂಡಿರುತ್ತಾರೆ. ಮೂರು ಪದರ ಹಾಕಿ, ಬಿಸಿ ಇಳಿದ ಮೇಲೆ ಉಳಿದೆರಡು.

ಕಿಟ್ಟಿನ ಬ್ರಶ್ ಇಲ್ಲಿ ಕೈಕೊಡುತ್ತದೆ, ಕೂದಲು ಉದುರಿ ಮ್ಯಾಟಿಗೆ ಅಂಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಳಿ ಗುಳ್ಳೆ ಒತ್ತಿ ತೆಗೆಯಲು ಹಲ್ಲುಗಳಿರುವ ಲೋಹದ ರೋಲರ್ ಬೇಕು. ಕಿಟ್ಟಿನಲ್ಲಿ ಅದಿಲ್ಲ, ಬೇರೆ ಕೊಳ್ಳಲೇಬೇಕು. ಗುಳ್ಳೆ ಉಳಿದರೆ ಮೊದಲ ಬೇಸಿಗೆಯಲ್ಲೇ ಬಿಳಿ ಚುಕ್ಕೆಯಾಗಿ ಕಾಣುತ್ತದೆ, ತಟ್ಟಿದರೆ ಪೊಳ್ಳು ಸದ್ದು.

ಕೊನೆ ಪದರ ಮರುದಿನವೂ ಅಂಟಂಟು ಅಂತ ಬಯ್ಯುವವರು ಬಹಳ. ರೆಸಿನಿನದು ತಪ್ಪಲ್ಲ: ಗಾಳಿ ತಾಗುವ ಮೇಲ್ಮೈ ಪೂರ್ತಿ ಗಟ್ಟಿಯಾಗುವುದಿಲ್ಲ, ಮುಂದಿನ ಪದರ ಹಿಡಿಯಲು ಅದೇ ಒಳ್ಳೆಯದು. ಕೊನೆಗೆ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ ಹಾಸಿ ಒತ್ತಿದರೆ, ಇಲ್ಲವೇ ಮೇಣದ ದ್ರಾವಣ ಬೆರೆಸಿದರೆ ಗಟ್ಟಿಯಾಗುತ್ತದೆ. ಕಿಟ್ಟಿನಲ್ಲಿ ಎರಡೂ ಇಲ್ಲ. ಮೇಲಿನ ಉಬ್ಬುತಗ್ಗಿಗೆ ಕಾರಿನ ಪುಟ್ಟಿ ನಡೆಯುತ್ತದೆ, ಆದರೆ ನೀರಿನ ಗೆರೆಯ ಮೇಲೆ ಮಾತ್ರ. ಅದರೊಳಗಿನ ಟಾಲ್ಕ್ ನೀರು ಕುಡಿಯುತ್ತದೆ.

ನೀರಿನ ಗೆರೆಯ ಕೆಳಗೆ ಜಿಪಿ ರೆಸಿನ್ ಬೇಡ. ನೀರನ್ನು ಇದಕ್ಕಿಂತ ಚೆನ್ನಾಗಿ ತಡೆಯುವ ಐಸೋಫ್ಥಾಲಿಕ್ ಅಥವಾ ವಿನೈಲ್ ಎಸ್ಟರ್ ರೆಸಿನ್ ಕೇಳಿ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರು ಎಷ್ಟು ದೂರ.

ಹಿಂಬದಿ ಹಲಗೆಯ ಕತೆಯೇ ಬೇರೆ. 25 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ತೂಗುಹಾಕುವ ಎಂಜಿನ್) ಸಾಮಾನ್ಯವಾಗಿ 50 ಕೆಜಿ ದಾಟುತ್ತದೆ, ಅದರ ನೂಕುಬಲವೆಲ್ಲ ಬರುವುದು ಆ ಹಲಗೆಯ ಮೇಲೆ. ಹಳೇ ದೋಣಿಗಳಲ್ಲಿ ಎರಡು ಫೈಬರ್ ಹಾಳೆಗಳ ನಡುವೆ ಪ್ಲೈವುಡ್ ಇರುತ್ತದೆ, ಬೋಲ್ಟ್ ತೂತಿನಿಂದ ನೀರಿಳಿದು ಅದು ಒಳಗೊಳಗೇ ಕೊಳೆಯುತ್ತದೆ. ಎಂಜಿನ್ ಕಾಲು ಹಿಡಿದು ಮೇಲೆ ಕೆಳಗೆ ಆಡಿಸಿ, ಹಲಗೆ ಬಾಗುತ್ತದೆಯೇ ನೋಡಿ. ಒಳಮುಖದಿಂದ 6 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಮೂರ್ನಾಲ್ಕು ಕಡೆ, ಹೊರಹಾಳೆಗೆ ತಾಗದಂತೆ ಕೊರೆಯಿರಿ. ಒಣ ತಿಳಿ ಹೊಟ್ಟು ಬಂದರೆ ನಿಮ್ಮ ಪುಣ್ಯ. ಕಾಫಿ ಗಸಿಯಂತೆ ಕಪ್ಪಗೆ, ಒದ್ದೆಯಾಗಿ ಬಂದರೆ ಒಳಹಾಳೆ ಕತ್ತರಿಸಿ ಮರವನ್ನೆಲ್ಲ ತೆಗೆಯಬೇಕು.

ಹೊಸದಾಗಿ ಹಾಕುವುದು ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್, 18 ಮಿ.ಮೀ.ನ ಎರಡು. ‘ವಾಟರ್‌ಪ್ರೂಫೇ ಸರ್’ ಎಂದು ಐಎಸ್ 303, ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಕೊಡುವುದು ಮಾಮೂಲು. ಹಲಗೆಯ ಮೇಲಿನ ಮುದ್ರೆ ಓದಿ ದುಡ್ಡು ಕೊಡಿ. ಇದನ್ನು ಅಂಟಿಸಲು ಎಪಾಕ್ಸಿ ಎಂಬ ಬೇರೆ ಜಾತಿಯ ರೆಸಿನ್ನೇ ಬೇಕು, ಮೂರ್ನಾಲ್ಕು ಪಟ್ಟು ದುಬಾರಿಯಾದರೂ. ಪಾಲಿಯೆಸ್ಟರ್ ಒಣಗುತ್ತಾ ಕುಗ್ಗುತ್ತದೆ, ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಒಂದೆರಡು ವರ್ಷಕ್ಕೆ ಸಿಪ್ಪೆಯಂತೆ ಏಳುತ್ತದೆ. ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ ಇಡ್ಲಿ ಹಿಟ್ಟಿಗಿಂತ ಗಟ್ಟಿ ಮಾಡಿ ಹಚ್ಚಿ, ಹಲಗೆಯ ಅಂಚಿಗೆ ಬರೀ ಎಪಾಕ್ಸಿ ಮೂರು ಸಲ ಕುಡಿಸಿ. ಬೋಲ್ಟ್ ತೂತನ್ನು 6 ಮಿ.ಮೀ. ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಳತೆಗೆ ಮತ್ತೆ ಕೊರೆಯಿರಿ. ಆಮೇಲೆ ನೀರಿಗೆ ಮರ ಸಿಗುವುದೇ ಇಲ್ಲ.

ಇಲ್ಲಿ ಕಿಟ್ ಬಳಸಿ ರೂಢಿಯಾದವರು ಎಡವುವ ಎರಡು ಜಾಗ. ಉಳಿದ ಮ್ಯಾಟನ್ನೇ ಎಪಾಕ್ಸಿಗೆ ಬಳಸುವುದು ಒಂದು: ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕಕ್ಕೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆ ತನ್ನಿ. ಇನ್ನೊಂದು, ಬೇಗ ಒಣಗಲಿ ಅಂತ ಹಾರ್ಡ್ನರ್ ಹೆಚ್ಚು ಹಾಕುವುದು. ಎಪಾಕ್ಸಿಯಲ್ಲಿ ಅನುಪಾತ ತಪ್ಪಿದರೆ ಬೇಗ ಒಣಗುವುದಿರಲಿ, ಯಾವತ್ತೂ ಒಣಗುವುದಿಲ್ಲ.

ಕಿಟ್ಟಿನ ಕೈಗವಸನ್ನು ಎಸೆದು ನೈಟ್ರೈಲ್ ಕೊಳ್ಳಿ. ಬಟ್ಟೆ ಮಾಸ್ಕ್ ಸ್ಟೈರೀನ್ ವಾಸನೆಗೆ ಏನೂ ಮಾಡದು. ಸಾವಯವ ಆವಿಯ ಕಾರ್ಟ್ರಿಜ್ ಇರುವುದೇ ಬೇಕು, ಉಜ್ಜುವಾಗ ಧೂಳಿನ ಫಿಲ್ಟರ್ ಕೂಡ. ಕನ್ನಡಕ ಕಡ್ಡಾಯ: ಎಂಇಕೆಪಿ ಕಣ್ಣಿಗೆ ಹಾರಿದರೆ ತಕ್ಷಣ 15 ನಿಮಿಷ ನೀರು ಬಿಡುತ್ತಾ ತೊಳೆದು, ನೇರ ಆಸ್ಪತ್ರೆಗೆ.

ಐದಕ್ಕೆ ಮೂರು ಅಂಕ. ಒಂದು ಅಂಕ ಹೋದದ್ದು ಆ ಕೆಂಪು ಮುಚ್ಚಳಗಳಿಗೆ, ಇನ್ನೊಂದು ತಾರೀಖಿಲ್ಲದ ಡಬ್ಬಿಗೆ. ಮನೆಯ ತೊಟ್ಟಿಗೂ ಬೋಟಿನ ಒಳನೆಲಕ್ಕೂ ಸೇರಿಸಿ ತರುವುದಾದರೆ 5 ಕೆಜಿ ಕಿಟ್ ಲಾಭ. ಬರೀ ಎರಡು ಬಿರುಕಿದ್ದರೆ ಒಂದು ಕೆಜಿ ರೆಸಿನ್, ಅರ್ಧ ಕೆಜಿ ಮ್ಯಾಟ್ ಬಿಡಿಯಾಗಿ ತನ್ನಿ. ಬೋಟನ್ನು ಕೆರೆಗೆ ಒಯ್ಯುವ ಮೊದಲು ಟ್ರೈಲರಿನ ಮೇಲೇ ಒಳಗೆ ನಾಲ್ಕೈದು ಬಕೆಟ್ ನೀರು ಸುರಿದು, ತೇಪೆಯ ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ ರಾತ್ರಿಯಿಡೀ ಬಿಡಿ.