ಹಳೆಯ ಸೋನೋಸ್ ಪ್ಲೇ:1 – ಸ್ಪೀಕರ್ ಬದಲಿಸುವ ಮೊದಲು ರೂಟರ್ ನೋಡಿ

2013ರಲ್ಲಿ ಮಾರುಕಟ್ಟೆಗೆ ಬಂದ, ಫೋನಿನ ಆಪ್ ಮೂಲಕ ವೈಫೈಯಲ್ಲಿ ಹಾಡುವ ಸ್ಪೀಕರ್ ಇದು. ನಮ್ಮ ಮನೆಯ ಜೋಡಿ ಅಮೆರಿಕದಲ್ಲಿರುವ ಅಕ್ಕ ಕೊಟ್ಟದ್ದು. 100ರಿಂದ 240 ವೋಲ್ಟ್‌ವರೆಗೆ ನಡೆಯುವುದರಿಂದ ಟ್ರಾನ್ಸ್‌ಫಾರ್ಮರ್ ಬೇಕಾಗಲಿಲ್ಲ, ಪುತ್ತೂರಿನಲ್ಲಿ ವಯರ್ ಮಾತ್ರ ಬದಲಿಸಿದೆ. ಒಂದು ಚಾವಡಿಯಲ್ಲಿದೆ, ಇನ್ನೊಂದು ಅಡುಗೆಮನೆಯಲ್ಲಿ. ಬ್ಲೂಟೂತ್ ಇಲ್ಲ, ಮೈಕ್ ಇಲ್ಲ. ಆದರೆ ಅಮ್ಮ ತಾಳಮದ್ದಳೆ ಹಾಕಿದಾಗ ಅರ್ಥಧಾರಿಯ ಒಂದೊಂದು ಮಾತೂ ಸಣ್ಣ ಸ್ವರದಲ್ಲೇ ಸ್ಪಷ್ಟ. ಚೆಂಡೆ ಏರಿದರೂ ಒಡೆಯುವುದಿಲ್ಲ. ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಇಂಥ ಸ್ವರ ನಾನು ಬೇರೆಲ್ಲೂ ಕೇಳಿಲ್ಲ.

ಹೊಸ ಫೈಬರ್ ಕನೆಕ್ಷನ್ ಬಂದ ಮೇಲೆ ತೊಂದರೆ ಶುರು. ಪದ್ಯದ ನಡುವೆ ಸ್ವರ ನಿಲ್ಲುತ್ತಿತ್ತು, ಆಪ್‌ನಲ್ಲಿ ಸ್ಪೀಕರ್ ಕಾಣುತ್ತಲೇ ಇರಲಿಲ್ಲ. ಫೈಬರ್ ಹಾಕಲು ಬಂದವರು "ಹಳೆಯದಾಯ್ತು ಸರ್, ಬೇರೆ ತಗೊಳ್ಳಿ" ಎಂದರು. 2024ರ ಮೇ ತಿಂಗಳಲ್ಲಿ ಬಂದ ಹೊಸ ಆಪ್‌ಗೆ ಕೆಟ್ಟ ಹೆಸರು ಬಂದಿದ್ದರಿಂದ ಗೆಳೆಯರೆಲ್ಲ ಆಪ್ ಅನ್ನೇ ದೂರಿದರು. ನಮ್ಮಲ್ಲಿ ಕಾರಣ ಎರಡೂ ಆಗಿರಲಿಲ್ಲ.

ಪ್ಲೇ:1 ವೈಫೈ ಹಿಡಿಯುವುದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಹೊಸ ರೂಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟು, ಯಾವ ಸಾಧನ ಎಲ್ಲಿಗೆ ಎಂದು ತಾನೇ ನಿರ್ಧರಿಸುತ್ತಿತ್ತು. ಜೊತೆಗೆ ವೈಫೈ ಭದ್ರತೆ ಡಬ್ಲ್ಯೂಪಿಎ3 ಎಂಬ ಹೊಸ ಪದ್ಧತಿಯಲ್ಲಿತ್ತು. ಆ ಪದ್ಧತಿ ಬಂದದ್ದೇ 2018ರಲ್ಲಿ, ಸ್ಪೀಕರ್ ಅದಕ್ಕಿಂತ ಹಿರಿಯದು. 2.4ಕ್ಕೆ ಬೇರೆ ಹೆಸರು ಕೊಟ್ಟು, ಭದ್ರತೆಯನ್ನು ಹಳೆಯ ಡಬ್ಲ್ಯೂಪಿಎ2ಕ್ಕೆ ತಂದು, ಚಾನೆಲ್ (2.4ರೊಳಗಿನ ದಾರಿ) ಅನ್ನು 'ಆಟೋ'ದಿಂದ ತೆಗೆದು 11ಕ್ಕೆ ನಿಲ್ಲಿಸಿದೆ (1, 6, 11 ಒಂದರ ಮೇಲೊಂದು ಬೀಳುವುದಿಲ್ಲ). ಚಾವಡಿಯದ್ದು ಸರಿಯಾಯಿತು.

ಅಡುಗೆಮನೆಯದ್ದು ಆಗಲಿಲ್ಲ. ನಮ್ಮದು ಮುರಕಲ್ಲಿನ ಹಳೆ ಮನೆ, ನಡುವೆ ದಪ್ಪ ಗೋಡೆಗಳು. ಇಲ್ಲಿ ಈ ಸ್ಪೀಕರಿನ ನಿಜವಾದ ಗುಣ ಕಂಡಿತು. ಹಿಂಬದಿಯಲ್ಲಿ ಲ್ಯಾನ್ ಕೇಬಲ್‌ಗೆ ಜಾಗವಿದೆ. ಚಾವಡಿಯ ಸ್ಪೀಕರನ್ನು ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿದೊಡನೆ ಅದು ಸೋನೋಸ್‌ನೆಟ್ ಎಂಬ ತನ್ನದೇ ಜಾಲ ಕಟ್ಟಿಕೊಂಡು ಅಡುಗೆಮನೆಯದ್ದನ್ನು ಸೇರಿಸಿಕೊಂಡಿತು. ಆ ಜಾಲಕ್ಕೂ 2.4ರ ಚಾನೆಲ್ ಬೇಕು. ಆಪ್‌ನಲ್ಲಿ ಅದನ್ನು 1ಕ್ಕಿಟ್ಟು ರೂಟರನ್ನು 11ರಲ್ಲೇ ಬಿಟ್ಟೆ. ಈಗ ಮೈಕ್ರೋವೇವ್ ಓಡುವಾಗ ಒಮ್ಮೊಮ್ಮೆ ತಡವರಿಸುವುದು ಬಿಟ್ಟರೆ ನಿಲ್ಲುವುದಿಲ್ಲ. ಒಲೆಯ ಅಲೆಯೂ 2.4ರ ಆಸುಪಾಸಿನದೇ, ಸ್ಪೀಕರನ್ನು ಅದರಿಂದ ದೂರ ಸರಿಸುವುದೊಂದೇ ಮದ್ದು. ಗುಡುಗು ಶುರುವಾದರೆ ಕರೆಂಟಿನ ಪಿನ್ ತೆಗೆದರೆ ಸಾಲದು, ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ನಮ್ಮ ಕಡೆಯ ಮಿಂಚಿಗೆ ಆ ದಾರಿಯೂ ಸಾಕು.

ಕರೆಂಟು ಹೋಗಿ ಬಂದ ಮೇಲೆ ಸ್ಪೀಕರ್ ಮಾಯವಾಗುತ್ತದೆ ಅನ್ನುವವರು ರೂಟರ್‌ನಲ್ಲಿ ಪ್ರತಿ ಸ್ಪೀಕರ್‌ಗೂ ಐಪಿ ವಿಳಾಸ (ಮನೆಯ ಜಾಲದಲ್ಲಿ ಅದರ ನಂಬರು) ಕಾಯಂ ಮಾಡಿಸಿ. ಇಲ್ಲದಿದ್ದರೆ ಎರಡು ಸಾಧನಗಳು ಒಂದೇ ವಿಳಾಸಕ್ಕೆ ಜಗಳಾಡುವುದುಂಟು. ಫೋನ್ ಗೆಸ್ಟ್ ವೈಫೈಯಲ್ಲಿದ್ದರೆ, ಆಫೀಸಿನ ವಿಪಿಎನ್ ಆನ್ ಇದ್ದರೆ ಕೂಡ ಆಪ್‌ಗೆ ಏನೂ ಕಾಣದಿರಬಹುದು. ಫ್ಯಾಕ್ಟರಿ ರೀಸೆಟ್‌ಗೆ ಮಾತ್ರ ಅವಸರಪಡಬೇಡಿ. ದೋಷ ರೂಟರಿನದ್ದಾದರೆ ಸ್ಪೀಕರಿನ ನೆನಪು ಅಳಿಸಿ ಪ್ರಯೋಜನವಿಲ್ಲ, ಕೆಲಸ ಹೆಚ್ಚುತ್ತದೆ ಅಷ್ಟೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಪ್ಲೇ:1 ಈಗಲೂ ಧೈರ್ಯವಾಗಿ ಕೊಳ್ಳಿ. ಅದೇ ಕಂಪನಿಯ ಪ್ಲೇ:5 ಆದರೆ ಯಾವ ತಲೆಮಾರಿನದ್ದು ಎಂದು ಕೇಳಿ. 2020ರಲ್ಲಿ ಕಂಪನಿ ಆಪ್ ಅನ್ನು ಎಸ್1 (ಹಳೆಯದು), ಎಸ್2 (ಹೊಸದು) ಎಂದು ಒಡೆದಾಗ ಮೊದಲ ತಲೆಮಾರಿನ ಪ್ಲೇ:5 ಎಸ್1ರಲ್ಲೇ ಉಳಿಯಿತು. ಎಸ್2ರ ಸ್ಪೀಕರ್ ಜೊತೆ ಅದನ್ನು ಒಂದೇ ವ್ಯವಸ್ಥೆಗೆ ಸೇರಿಸಲಾಗದು. 2015ರಲ್ಲಿ ಬಂದ ಎರಡನೆಯ ತಲೆಮಾರಿನದ್ದಕ್ಕೆ ಆ ತೊಡಕಿಲ್ಲ. ಮಾರುವವರ ಮನೆಯಲ್ಲೇ ನಿಮ್ಮ ಫೋನಿನ ಆಪ್‌ಗೆ ಸೇರಿಸಿ, ಒಂದು ಪದ್ಯ ಪೂರ್ತಿ ಕೇಳಿ, ಆಮೇಲೆ ಹಣ ಕೊಡಿ.