ಶಿವಮೊಗ್ಗ ದುರ್ಗಿಗುಡಿ ಕಡೆಯ ಮೆಡಿಕಲ್ ಶಾಪ್: ಅಪ್ಪಯ್ಯನ ಬಿಪಿ ಮಾತ್ರೆಗೆ ನಾವು ಇಲ್ಲಿಗೇ ಬರೋದು

ಐದಕ್ಕೆ ಐದು ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಬೇಜಾರ್ ಮಾಡ್ಕೋಬೇಡಿ.

ನಮ್ದು ತೀರ್ಥಹಳ್ಳಿ ಹತ್ರ ಅಡಿಕೆ ತೋಟ. ಹೋದ ವರ್ಷ ಕೊಯ್ಲಿನ ಟೈಮಲ್ಲಿ ಅಪ್ಪಯ್ಯ ಹಸಿ ಅಡಿಕೆ ಮೂಟೆ ಎತ್ತಕ್ಕೆ ಹೋದವ್ರು ಬೆನ್ನಲ್ಲಿ, ಎರಡು ಹೆಗಲ ನಡುವೆ, ಬಟ್ಟೆ ಹರಿದ ಹಾಗಾಯ್ತು ಮಾರಾಯ ಅಂತ ಅಂಗಳದಲ್ಲೇ ಕೂತ್ಬಿಟ್ರು. ಮೊದ್ಲು ತೋರಿಸಿದ ಕಡೆ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು. ನೋವು ಚೂರೂ ಇಳೀಲಿಲ್ಲ, ಮೈಯೆಲ್ಲ ಬೆವರು, ಕಾರಲ್ಲಿ ಹಾಕ್ಕೊಂಡು ಮಂಡಗದ್ದೆ ದಾಟಿ ಶಿವಮೊಗ್ಗ ಸೇರೋದ್ರೊಳಗೆ ನಮ್ಮ ಜೀವ ಬಾಯಿಗೆ ಬಂದಿತ್ತು. ಇಲ್ಲಿ ಡಾಕ್ಟ್ರು ಎರಡೂ ಕೈಗೆ ಬಿಪಿ ನೋಡಿದ್ರು, ಬಲಗೈಲಿ 190, ಎಡಗೈಲಿ 160, ತಕ್ಷಣ ಸಿಟಿ ಆಂಜಿಯೋ, ಅಂದ್ರೆ ರಕ್ತನಾಳದ ಸ್ಕ್ಯಾನ್, ಮಾಡ್ಸಿ ಅಯೋರ್ಟಿಕ್ ಡಿಸೆಕ್ಷನ್, ಟೈಪ್ ಬಿ ಅಂದ್ರು. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳದ ಒಳಪದರ ಸೀಳಿ, ಆ ಸೀಳಿನೊಳಗೆ ರಕ್ತ ನುಗ್ಗಿ ಪದರ ಬಿಚ್ಕೊಂಡು ಹೋಗೋದಂತೆ ಅದು. ಹೃದಯದ ಪಕ್ಕದ ಭಾಗದಲ್ಲೇ ಸೀಳಿದ್ರೆ ಟೈಪ್ ಎ, ಅದಕ್ಕೆ ಕೂಡ್ಲೇ ಆಪರೇಷನ್ ಆಗ್ಬೇಕು. ಅಪ್ಪಯ್ಯಂದು ಎಡಗೈಗೆ ಹೋಗೋ ನಾಳದಿಂದ ಕೆಳಗೆ, ಎಲ್ಲೂ ಒಡೆದಿಲ್ಲ, ಕಿಡ್ನಿಗೆ ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದೆ, ಹಾಗಾಗಿ ಔಷಧಿಲೇ ನೋಡೋಣ ಅಂದ್ರು.

ಐಸಿಯುಲಿ ನೋವಿಗೆ ಮಾರ್ಫಿನ್, ಜೊತೆಗೆ ಪಲ್ಸ್, ಬಿಪಿ ಇಳಿಸೋ ಲ್ಯಾಬೆಟಲಾಲ್ ಅನ್ನೋ ಬೀಟಾ ಬ್ಲಾಕರ್ ಡ್ರಿಪ್. ಪಲ್ಸ್ 60ರ ಒಳಗೆ, ಮೇಲಿನ ಬಿಪಿ 100ರಿಂದ 120, ಇಷ್ಟೇ ಗುರಿ. ನಂಗೆ ಅರ್ಥ ಆಗಿದ್ದು ಡಾಕ್ಟ್ರು ಪಂಪ್‌ಸೆಟ್ ಲೆಕ್ಕದಲ್ಲಿ ಹೇಳಿದಾಗ: ಪೈಪ್ ಸೀಳಿದ್ರೆ ಮೋಟ್ರು ಒಂದೊಂದ್ಸಲ ಜೋರಾಗಿ ನೀರು ಗುದ್ದಿದಾಗ್ಲೂ ಸೀಳು ಮುಂದೆ ಹೋಗತ್ತೆ, ಅದ್ಕೆ ಗುದ್ದೋದನ್ನೇ ಮೆತ್ತಗೆ ಮಾಡ್ಬೇಕು, ಬೀಟಾ ಬ್ಲಾಕರ್ ಮಾಡೋದು ಆ ಕೆಲ್ಸ. ಬರೀ ನಾಳ ಹಿಗ್ಗಿಸೋ ಔಷಧಿ ಮೊದ್ಲು ಕೊಟ್ರೆ ಬಿಪಿ ಇಳಿಯತ್ತೆ ಆದ್ರೆ ಹೃದಯ ಇನ್ನೂ ಜೋರಾಗಿ ಹೊಡ್ಕೊಳ್ಳತ್ತೆ, ಅದಕ್ಕೇ ಪಲ್ಸ್ ಇಳಿಸೋದು ಮೊದ್ಲು, ಬೇಕಾದ್ರೆ ಬೇರೇದು ಆಮೇಲೆ.

ಈಗ ಅಂಗಡಿ ವಿಷ್ಯ. ಡಿಸ್ಚಾರ್ಜ್ ಆದಾಗ ಬರ್ದುಕೊಟ್ಟಿದ್ದು ಇನ್ನೊಂದು ಬೀಟಾ ಬ್ಲಾಕರ್, ಮೆಟೊಪ್ರೊಲಾಲ್ ಸಕ್ಸಿನೇಟ್ 50, ನಿಧಾನಕ್ಕೆ ಬಿಡುಗಡೆ ಆಗೋದು, ದಿನಕ್ಕೆ ಒಂದು, ಜೊತೆಗೆ ನಾಳ ಹಿಗ್ಗಿಸೋ ಅಮ್ಲೋಡಿಪಿನ್. ಆಷಾಢದ ಮಳೆಲಿ ಶಿವಮೊಗ್ಗಕ್ಕೆ ಬರಕ್ಕಾಗ್ದೆ ಒಂದ್ಸಲ ಬೇರೆ ಅಂಗಡಿಲಿ ತಗೊಂಡ್ವಿ, "ಅದೇ ಇದು, ಕಂಪ್ನಿ ಬೇರೆ ಅಷ್ಟೇ" ಅಂದ್ರು. ನಾಲ್ಕನೇ ದಿನದಿಂದ ಸಂಜೆ ಹೊತ್ತಿಗೆ ಪಲ್ಸ್ 88, 90. ಬೆಳಿಗ್ಗೆ ಮಾತ್ರೆ ಆದ್ಮೇಲೆ ಸರಿ ಇರತ್ತೆ, ಸಂಜೆ ಏರತ್ತೆ. ಹೆದ್ರಿ ಸ್ಟ್ರಿಪ್ ಹಿಡ್ಕೊಂಡು ಇಲ್ಲಿಗೆ ಓಡಿಬಂದೆ. ಕೌಂಟರಿನ ಯಜಮಾನ್ರು ಸ್ಟ್ರಿಪ್ಪಿನ ಹಿಂಭಾಗ ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಹಣೆಗೆ ಏರ್ಸಿ, ಉಗುರಲ್ಲಿ ಒಂದು ಪದದ ಕೆಳಗೆ ಗೀಟೆಳೆದು ತೋರ್ಸಿದ್ರು: ಸಕ್ಸಿನೇಟ್ ಅಲ್ಲ, ಟಾರ್ಟ್ರೇಟ್. "50 ಅಂತ ಎರಡ್ರಲ್ಲೂ ಇರತ್ತೆ, ಆದ್ರೆ ಇದು ಕೆಲವೇ ಗಂಟೆಲಿ ಇಳಿದೋಗತ್ತೆ, ನಿಮ್ಗೆ ಬರ್ದಿರೋದು ದಿನವಿಡೀ ಹಿಡಿಯೋದು." ನನ್ನೆದುರೇ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದ್ಮೇಲೇ ಬದಲಿಸಿ ಕೊಟ್ರು. ಎರಡು ದಿನದಲ್ಲಿ ಸಂಜೆ ಪಲ್ಸೂ 62ಕ್ಕೆ ಬಂತು.

ಆವತ್ತಿಂದ ನಾನೂ ಸ್ಟ್ರಿಪ್ ಓದ್ತೀನಿ. ಇವ್ರು ಪ್ರತಿ ಸಲ ಕವರ್ ಮೇಲೆ ಪೆನ್ಸಿಲಲ್ಲಿ ಕನ್ನಡದಲ್ಲೇ ಬರ್ದುಕೊಡ್ತಾರೆ, ಜಗಿಬೇಡಿ, ಪುಡಿ ಮಾಡ್ಬೇಡಿ, ಹುಷಾರಿದೀನಿ ಅಂತ ನೀವಾಗೇ ನಿಲ್ಲಿಸ್ಬೇಡಿ. ಥಟ್ಟಂತ ನಿಲ್ಲಿಸಿದ್ರೆ ಪಲ್ಸ್, ಬಿಪಿ ಎರಡೂ ವಾಪಸ್ ಏರಿಬಿಡತ್ತಂತೆ. ಉಬ್ಬಸ ಇದ್ಯಾ, ತಲೆ ತಿರುಗತ್ತಾ ಅಂತ ಕೇಳ್ದೆ ಕೊಡಲ್ಲ. ಪ್ರೊಪ್ರನೊಲಾಲ್ ಅನ್ನೋ ಹಳೇ ಬೀಟಾ ಬ್ಲಾಕರ್ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವ್ರಿಗೆ 1988ರಲ್ಲಿ ನೊಬೆಲ್ ಬಂತು ಅಂತ ನಂಗೆ ಹೇಳಿದ್ದೂ ಇವ್ರೇ, ಆ ಮಾತ್ರೆ ಬಗ್ಗೆ ಮನೆ ಮಗನ ಬಗ್ಗೆ ಹೇಳ್ದಂಗೆ ಹೇಳ್ತಾರೆ.

ಪಾರ್ಕಿಂಗ್ ಕಷ್ಟ, ಭಾನುವಾರ ಮಧ್ಯಾಹ್ನ ಬಾಗಿಲು, ಆನ್‌ಲೈನ್‌ನಷ್ಟು ಡಿಸ್ಕೌಂಟ್ ಇಲ್ಲ. ಆದ್ರೆ ಮಳೆಗಾಲದಲ್ಲಿ ಫೋನ್ ಮಾಡಿದ್ರೆ ತೀರ್ಥಹಳ್ಳಿ ಬಸ್ಸಿಗೆ ಕೊಟ್ಟು ಕಳಿಸ್ತಾರೆ, ಹತ್ತು ದಿನದ ಮಾತ್ರೆ ಯಾವಾಗ್ಲೂ ಕೈಲಿ ಇಟ್ಕೊಳ್ಳಿ ಅಂತ ಅವ್ರೇ ನೆನಪು ಮಾಡ್ತಾರೆ.

ಇವತ್ತು ಬೆಳಿಗ್ಗೆ ಅಪ್ಪಯ್ಯಂದು ಪಲ್ಸ್ 58, ಬಿಪಿ 118. ಮೂಟೆ ಮುಟ್ಟಂಗಿಲ್ಲ, ಚಪ್ಪರದ ಕೆಳಗೆ ಕೂತು ಅಡಿಕೆ ಸುಲಿಯೋರ ಹತ್ರ ಮಾತಾಡ್ತಾ ಇದಾರೆ. ಈ ತಿಂಗಳ ಮಾತ್ರೆ ನಾಲ್ಕು ಗಂಟೆ ಬಸ್ಸಿಗೆ ಬರತ್ತೆ.