ಅಲಂಕಾರದ ಸಿಹಿಗುಂಬಳ: ಸ್ವೆಟರ್, ಟಾಯ್ಲೆಟ್ ರೋಲ್, ಕಾಗದ, ಡ್ರೈಯರ್ ಪೈಪ್ – ಯಾವುದು ಲೇಸು?

ಅಮೆರಿಕದಲ್ಲಿ ಸೆಪ್ಟೆಂಬರ್ ಕೊನೆಗೆ ಬಾಗಿಲಲ್ಲಿ ಕೂತ ಕುಂಬಳ ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುವವರೆಗೂ ಅಲ್ಲೇ ಇರಬೇಕು. ಕಣ್ಣು ಬಾಯಿ ಕೊರೆದ ನಿಜವಾದ ಕಾಯಿಯಾದರೆ ವಾರದೊಳಗೇ ಮೆತ್ತಗಾಗಿ ಕುಸಿಯುತ್ತದೆ. ಅದಕ್ಕೇ ಕೈಯಲ್ಲಿ ಮಾಡಿಕೊಳ್ಳುವುದು. ನಾಲ್ಕು ಬಗೆಯಲ್ಲೂ ಮಾಡಿ ನೋಡಿದ್ದೇನೆ. ನನ್ನ ಓಟು ಹಳೆ ಸ್ವೆಟರಿಗೆ.

ಬಟ್ಟೆ ಒಣಗಿಸುವ ಡ್ರೈಯರಿನ ಬಿಸಿಗಾಳಿ ಹೊರಹಾಕುವ, ನಾಲ್ಕು ಇಂಚು ಅಗಲದ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪನ್ನು ಒಂದೂವರೆ ಅಡಿ ಕತ್ತರಿಸಿ, ಬಳೆಯ ಹಾಗೆ ಬಗ್ಗಿಸಿ ಎರಡೂ ತುದಿ ಸೇರಿಸಿದರೆ ಕುಂಬಳದ ಏಣುಗಳು ತಾನಾಗಿ ಬರುತ್ತವೆ. ನೋಡಲು ಚೆಂದವೇ. ಆದರೆ ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತ, ಪ್ರೈಮರ್ ಇಲ್ಲದೆ ಅಕ್ರಿಲಿಕ್ ಬಣ್ಣ ಸಿಪ್ಪೆ ಏಳುತ್ತದೆ, ಒಮ್ಮೆ ನೆಗ್ಗಿದರೆ ಮತ್ತೆ ಸರಿಹೋಗುವುದಿಲ್ಲ. ಪೈಪು ಮನೆಯಲ್ಲೇ ಬಿದ್ದಿದ್ದರೆ ಮಾಡಿ, ಇದಕ್ಕೆಂದೇ ಕೊಳ್ಳಬೇಡಿ.

ಟಾಯ್ಲೆಟ್ ರೋಲ್ ಐದು ನಿಮಿಷದ ಕೆಲಸ. ಇಪ್ಪತ್ತು ಇಂಚಿನ ಚೌಕದ ಬಟ್ಟೆಯ ನಡುವೆ ರೋಲ್ ಇಟ್ಟು, ಅಂಚುಗಳನ್ನೆಲ್ಲ ಮೇಲಿನ ತೂತಿಗೆ ತುರುಕಿದರಾಯಿತು. ಕಾಗದದ ನಾಲ್ಕಾರು ಸುತ್ತು ಸಡಿಲಿಸಿದರೆ ಡಬ್ಬಿಯ ಆಕಾರ ಹೋಗಿ ಗುಂಡಗಾಗುತ್ತದೆ. ಹಬ್ಬ ಮುಗಿದ ಮೇಲೆ ರೋಲ್ ಬಚ್ಚಲಿಗೆ, ಬಟ್ಟೆ ಬೀರುವಿಗೆ.

ಕಾಗದ ಮತ್ತು ಮೈದಾ ಅಂಟಿನದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಿರಿಕಿರಿ. ಬಲೂನಿನ ಮೇಲೆ ಕಾಗದ ಅಂಟಿಸಿ ಎಂದು ಎಲ್ಲರೂ ಹೇಳುತ್ತಾರೆ. ಹಗಲು ಬೆಚ್ಚಗಿದ್ದ ಕೋಣೆ ಅಕ್ಟೋಬರ್ ರಾತ್ರಿ ತಣ್ಣಗಾದಾಗ ಬಲೂನು ಕುಗ್ಗುತ್ತದೆ, ಗಾಳಿಯೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಇನ್ನೂ ಹಸಿಯಾಗಿರುವ ಮೊದಲ ಪದರ ಅದರ ಜೊತೆ ಒಳಕ್ಕೆ ಜಗ್ಗಿ ಸುಕ್ಕಾಗುತ್ತದೆ. ಏಣು ಬರಲೆಂದು ಕಟ್ಟಿದ ದಾರವೂ ಆ ನುಣುಪಿನ ಮೇಲೆ ಜಾರಿ ಒಂದು ಕಡೆ ಸೇರಿಕೊಳ್ಳುತ್ತದೆ.

ಬಲೂನು ಬಿಟ್ಟು, ಪ್ಲಾಸ್ಟಿಕ್ ಚೀಲಕ್ಕೆ ಮುದುಡಿದ ಪೇಪರ್ ತುಂಬಿ ಟೇಪ್ ಸುತ್ತಿ, ನಾಲ್ಕು ಸುತ್ತು ದಾರ ಬಿಗಿದರೆ ಎಂಟು ಏಣು ಗಟ್ಟಿಯಾಗಿ ನಿಲ್ಲುತ್ತವೆ. ಒಂದು ಕಪ್ ಮೈದಾಕ್ಕೆ ಒಂದೂಕಾಲು ಕಪ್ ನೀರು, ಒಂದು ಚಮಚ ಉಪ್ಪು ಕಲಸಿದರೆ ಅಂಟು; ಅದರಲ್ಲಿ ಕಾಗದದ ಮೂರು ಪದರ. ಒಂದೊಂದು ಪದರಕ್ಕೂ ಒಂದೊಂದು ದಿನ ಒಣಗಲು ಬಿಡಬೇಕು.

ಇಷ್ಟಾದರೂ ತಳ ಕೈಕೊಡುತ್ತದೆ. ತಟ್ಟೆಯ ಮೇಲಿಟ್ಟರೆ ಅಡಿಗೆ ಗಾಳಿ ಆಡದೆ ಬಿಳಿ ಬೂಷ್ಟು ಹಿಡಿಯುತ್ತದೆ. ಜಾಲರಿಯ ಮೇಲಿಟ್ಟು ಆಗಾಗ ಮಗುಚಬೇಕು. ಬಣ್ಣ ಬಳಿಯುವ ಮುನ್ನ ಅಂಗೈ ಒತ್ತಿ ನೋಡಿ: ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ಆಗಲೇ ಬಣ್ಣ ಬಳಿದರೆ ಆ ತೇವ ಒಳಗೇ ಉಳಿದು ಕೊಳೆಯುತ್ತದೆ. ವಾರ್ನಿಷ್ ಇಲ್ಲದೆ ಹೊರಗಿಟ್ಟರೆ ಇಬ್ಬನಿಗೇ ಮೆತ್ತಗಾಗುತ್ತದೆ.

ಸ್ವೆಟರಿಗೆ ಈ ಕಾಯುವಿಕೆ ಇಲ್ಲ. ಹದಿನೆಂಟಕ್ಕೆ ಒಂಬತ್ತು ಇಂಚಿನ ತುಂಡು ಕತ್ತರಿಸಿ. ಉದ್ದ ಯಾವಾಗಲೂ ಎತ್ತರದ ಎರಡರಷ್ಟಿರಲಿ, ಹೆಣಿಗೆಯ ಗೆರೆಗಳು ಮೇಲಿಂದ ಕೆಳಕ್ಕೆ ಬರಲಿ. ಎರಡು ಪಕ್ಕ ಸೇರಿಸಿ ಹೊಲಿದು ಕೊಳವೆ ಮಾಡಿ. ಕೆಳಗಿನ ಅಂಚಿನಿಂದ ಒಂದಿಂಚು ಒಳಗೆ ದಾರ ಓಡಿಸಿ ಬಿಗಿಯಾಗಿ ಎಳೆದು ಗಂಟು ಹಾಕಿ. ಅಂಚಿಗೆ ಹತ್ತಿರ ಹೊಲಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಮಾಮೂಲಿ ಹೊಲಿಗೆ ದಾರ ಎಳೆಯುವಾಗಲೇ ಪಟ್ಟೆಂದು ಹರಿಯುತ್ತದೆ, ಹಲ್ಲಿಗೆ ಬಳಸುವ ಮೇಣದ ಫ್ಲಾಸ್ ಹರಿಯುವುದಿಲ್ಲ.

ಹಳೆ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ. ಗಿಡಿದು ತುಂಬಿದರೆ ಏಣಿನ ದಾರ ಒಳಕ್ಕೆ ಇಳಿಯುವುದೇ ಇಲ್ಲ. ಭಾರಕ್ಕೆ ಅಕ್ಕಿ ಹಾಕುವವರಿದ್ದಾರೆ. ಗ್ಯಾರೇಜಿನಲ್ಲಿಟ್ಟರೆ ಇಲಿಗೆ ಔತಣ. ಕಾಲುಚೀಲದಲ್ಲಿ ಕಟ್ಟಿದ ಬೆಣಚುಕಲ್ಲು ಸಾಕು. ಕೊಳವೆಯ ಮೇಲಿನ ಬಾಯಿಯನ್ನೂ ತಳದ ಹಾಗೆಯೇ ದಾರ ಓಡಿಸಿ ಬಿಗಿದು, ದಬ್ಬಳಕ್ಕೆ ಉಲ್ಲನ್ ದಾರ ಪೋಣಿಸಿ ನಟ್ಟನಡುವೆ ತಳದಿಂದ ಮೇಲಕ್ಕೆ ಚುಚ್ಚಿ, ಹೊರಗಿನಿಂದ ಸುತ್ತಿ ತಂದು ಎಳೆಯಿರಿ. ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಎಂಟು ಸಲ. ಸಾಲಾಗಿ ಎಳೆದರೆ ಕುಂಬಳ ಒಂದು ಬದಿಗೆ ವಾಲುತ್ತದೆ. ತೊಟ್ಟಿಗೆ ಒಣಕಡ್ಡಿ ಅಥವಾ ದಾಲ್ಚಿನ್ನಿ ಚಕ್ಕೆ.

ಚಿಕ್ಕ ಅಪಾರ್ಟ್‌ಮೆಂಟು, ಹೊಲಿಗೆಗೆ ಬೇಸರವಿಲ್ಲ, ವರ್ಷವರ್ಷ ಖರ್ಚು ಬೇಡ ಎನ್ನುವ ನನ್ನಂಥವರಿಗೆ ಇದೇ ಸರಿ. ಒತ್ತಿ ಪೆಟ್ಟಿಗೆಗೆ ತುರುಕಿದರೂ ಮುಂದಿನ ವರ್ಷ ತಟ್ಟಿದ ಕೂಡಲೇ ಉಬ್ಬುತ್ತದೆ. ನಾಳೆಯೇ ನೆಂಟರು ಬರುವವರಿದ್ದರೆ ಮಾತ್ರ ಟಾಯ್ಲೆಟ್ ರೋಲ್.

ಸ್ವೆಟರ್ ಇಲ್ಲವೇ? ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣಗಳನ್ನು ತೆಗೆಯಿರಿ. 80ಕ್ಕೆ 90 ಸೆಂ.ಮೀ. ಕಣದಲ್ಲಿ 50ರ ಚೌಕ ರೋಲಿಗೆ, 30ಕ್ಕೆ 60ರ ಪಟ್ಟಿ ಹೊಲಿಗೆಯ ಕುಂಬಳಕ್ಕೆ ಸಿಗುತ್ತದೆ. ನವರಾತ್ರಿಯೂ ಅದೇ ಹೊತ್ತಿಗೆ ಬರುವುದರಿಂದ ಗೊಂಬೆ ಹಬ್ಬದ ಕೆಳಗಿನ ಮೆಟ್ಟಿಲಿಗೂ ಇವೇ ಆಗುತ್ತವೆ.